ಹಳೆಯ ಲೇಬಲ್‌ನಿಂದ ಹೊಸ ಲೇಬಲ್‌ಗೆ: ನಾನು ಎಡವಿದ ಜಾಗ

ಯುರೋಪಿಯನ್ ಒಕ್ಕೂಟದ ಮಾರುಕಟ್ಟೆಗೆ ಹೋಗುವ ಸ್ವಚ್ಛತಾ ದ್ರಾವಣಗಳಿಗೆ ಲೇಬಲ್ ಮತ್ತು ಸುರಕ್ಷತಾ ಮಾಹಿತಿ ಹಾಳೆ ಸಿದ್ಧಪಡಿಸುವುದು ನನ್ನ ಕೆಲಸ. ರಾಸಾಯನಿಕಗಳ ಅಪಾಯವನ್ನು ವರ್ಗೀಕರಿಸಿ ಲೇಬಲ್‌ನಲ್ಲಿ ಹೇಳುವುದು ಹೇಗೆಂದು ತಿಳಿಸುವ, ನಾವೆಲ್ಲ ಸಿಎಲ್‌ಪಿ ಎಂದು ಕರೆಯುವ 1272/2008ನೇ ನಿಯಮ ಮಿಶ್ರಣಗಳಿಗೆ ಕಡ್ಡಾಯವಾದದ್ದು 2015ರ ಜೂನ್ 1ರಂದು. ಕಿತ್ತಳೆ ಚೌಕಗಳು ಹೋಗಿ ಕೆಂಪು ಅಂಚಿನ ವಜ್ರಾಕೃತಿಯ ಚಿತ್ರಗಳು ಬರಬೇಕಿತ್ತು. ಬರೀ ಚಿತ್ರ ಬದಲಿಸುವ ಕೆಲಸ ಎಂದುಕೊಂಡಿದ್ದೆ.

ನಿಯಮದ ಏಳನೆಯ ಅನುಬಂಧದಲ್ಲಿ ಒಂದು ಪರಿವರ್ತನಾ ಕೋಷ್ಟಕವಿದೆ. ಎಡಗಡೆ ಹಳೆಯ ವರ್ಗೀಕರಣ, ಬಲಗಡೆ ಹೊಸದು. ನಮ್ಮ ಒಂದು ಸಾಂದ್ರ ದ್ರಾವಣಕ್ಕೆ ಆರ್36 ಇತ್ತು, ಅಂದರೆ ಕಣ್ಣಿಗೆ ಉರಿ. ಕೋಷ್ಟಕ ನೋಡಿ ಎಚ್319 ಬರೆದೆ, ಆಶ್ಚರ್ಯಸೂಚಕ ಚಿಹ್ನೆ ಹಾಕಿದೆ, ‘ಎಚ್ಚರಿಕೆ’ ಎಂಬ ಪದ ಸೇರಿಸಿದೆ. ಮಧ್ಯಾಹ್ನದೊಳಗೆ ಇಪ್ಪತ್ತು ಲೇಬಲ್ ಮುಗಿದವು. ಅಷ್ಟು ಸಲೀಸಾಗಿ ಮುಗಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ತಪ್ಪು ಹಿಡಿದವರು ಮಿಶ್ರಣ ತಯಾರಿಸುವ ವಿಭಾಗದ ಸಹೋದ್ಯೋಗಿ. “ಕಣ್ಣಿಗೆ ಗಂಭೀರ ಹಾನಿ ಮಾಡುವ ಪದಾರ್ಥ ಇದರಲ್ಲಿ ಶೇ. 6 ಇದೆಯಲ್ಲ, ಲೆಕ್ಕ ಹಾಕಿದಿರಾ?” ಎಂದು ಕೇಳಿದರು. ಹಾಕಿರಲಿಲ್ಲ. ಹಳೆಯ ಪದ್ಧತಿಯಲ್ಲಿ ಅಂಥ ಪದಾರ್ಥ ಶೇ. 5ರಿಂದ 10ರ ನಡುವೆ ಇದ್ದರೆ ಮಿಶ್ರಣಕ್ಕೆ ‘ಉರಿ’ಯ ಹಣೆಪಟ್ಟಿ ಸಾಕಾಗುತ್ತಿತ್ತು, ಶೇ. 10 ಮುಟ್ಟಿದರೆ ಮಾತ್ರ ‘ಗಂಭೀರ ಹಾನಿ’. ಸಿಎಲ್‌ಪಿಯಲ್ಲಿ ಶೇ. 3ಕ್ಕೇ ಗಂಭೀರ ಹಾನಿ. ಹಾಗಾಗಿ ಎಚ್318, ಕೈಯನ್ನೂ ಲೋಹವನ್ನೂ ತಿನ್ನುವ ದ್ರವದ ಚಿತ್ರ, ‘ಅಪಾಯ’ ಎಂಬ ಪದ. ಕೋಷ್ಟಕದ ಮೇಲೆ ಸಿಟ್ಟು ಬಂತು, ಆದರೆ ತಪ್ಪು ಅದರದ್ದಲ್ಲ. ಅದು ಹಳೆಯ ತೀರ್ಮಾನವನ್ನು ಹೊಸ ಭಾಷೆಗೆ ತರುತ್ತದೆ, ಲೆಕ್ಕವನ್ನು ಮತ್ತೆ ಮಾಡುವುದಿಲ್ಲ.

ಇಪ್ಪತ್ತನ್ನೂ ಬದಿಗಿಟ್ಟು, ಪ್ರತಿ ಉತ್ಪನ್ನದ ಘಟಕಗಳ ಪಟ್ಟಿಯಿಂದಲೇ ಶುರು ಮಾಡಿದೆ. ಪೂರೈಕೆದಾರರ ಹೊಸ ಮಾಹಿತಿ ಹಾಳೆಗಳಿಗಾಗಿ ವಾರಗಟ್ಟಲೆ ಕಾದೆ. ಕಾದದ್ದು ವ್ಯರ್ಥವಾಗಲಿಲ್ಲ: ಒಂದು ಪದಾರ್ಥಕ್ಕೆ ಪರೀಕ್ಷಾ ಫಲಿತಾಂಶದ ಆಧಾರದಲ್ಲಿ ಸಾಮಾನ್ಯ ಶೇ. 3ರ ಬದಲು ಶೇ. 10ರ ನಿರ್ದಿಷ್ಟ ಮಿತಿ ಇತ್ತು, ಆ ದ್ರಾವಣ ಆಶ್ಚರ್ಯಸೂಚಕದಲ್ಲೇ ಉಳಿಯಿತು. ಇನ್ನೊಂದು ದ್ರವದ ಜ್ವಲನ ಬಿಂದು, ಅಂದರೆ ಕಿಡಿ ತಾಕಿದರೆ ಅದರ ಆವಿ ಹೊತ್ತಿಕೊಳ್ಳುವ ಕನಿಷ್ಠ ತಾಪಮಾನ, 58 ಡಿಗ್ರಿ ಸೆಲ್ಸಿಯಸ್. ಹಳೆಯ ಮಿತಿ 55, ಹೊಸದು 60. ನಿನ್ನೆಯವರೆಗೆ ಬೆಂಕಿಯ ಮಾತೇ ಇಲ್ಲದ ಡಬ್ಬಿಗೆ ಜ್ವಾಲೆಯ ಚಿತ್ರ ಬಂತು.

ಮಾರಾಟ ವಿಭಾಗದವರು ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದರು: ಒಳಗಿನ ದ್ರವ ಬದಲಾಗದೆ ಲೇಬಲ್ ಹೇಗೆ ಬದಲಾಯಿತು? ಕೊನೆಗೆ ಎರಡೂ ಪದ್ಧತಿಯ ಅಂಕಿಗಳನ್ನು ಅಕ್ಕಪಕ್ಕ ಬರೆದ ಒಂದು ಪುಟ ಕೊಟ್ಟೆ. ಭಾಷಣಕ್ಕಿಂತ ಅದೇ ಕೆಲಸಕ್ಕೆ ಬಂತು.

ಈಗ ಮತ್ತೆ ಅದೇ ಹಾದಿ. 2023ರಲ್ಲಿ ಹಾರ್ಮೋನು ವ್ಯವಸ್ಥೆಯನ್ನು ಕೆಡಿಸುವ, ಪರಿಸರದಲ್ಲಿ ವಿಘಟನೆಯಾಗದೆ ಉಳಿಯುವ, ನೀರಿನೊಂದಿಗೆ ದೂರ ಸಾಗುವ ಪದಾರ್ಥಗಳಿಗೆ ಹೊಸ ವರ್ಗಗಳು ಸೇರಿದವು. ಹೊಸ ಮಿಶ್ರಣಗಳಿಗೆ ಗಡುವು 2026ರ ಮೇ 1, ಆಗಲೇ ಮಾರುಕಟ್ಟೆಯಲ್ಲಿರುವವಕ್ಕೆ 2028ರ ಮೇ 1. ಇವಕ್ಕೆ ಚಿತ್ರವೇ ಇಲ್ಲ, ಇಯುಎಚ್380ರಂಥ ಸಂಕೇತವಿರುವ ಎಚ್ಚರಿಕೆಯ ವಾಕ್ಯಗಳು ಮಾತ್ರ. ಬದಲಿಸಲು ಚಿತ್ರವಿಲ್ಲವೆಂದು ಯಾರಾದರೂ ಮರೆತೇಬಿಡಬಹುದು. ಹೆಚ್ಚಿನವಕ್ಕೆ ಮಿತಿ ಶೇ. 0.1. ಈ ಸಲ ಕೋಷ್ಟಕ ತೆರೆಯುವ ಮೊದಲೇ ಪೂರೈಕೆದಾರರಿಗೆ ಪತ್ರ ಬರೆದಿದ್ದೇನೆ. ಆ ಶೇ. 0.1ರ ಪ್ರಶ್ನೆಯೇ ಅದರ ಮೊದಲ ಸಾಲು.