ಬೇರಿಂಗ್ ಹಕ್ಕಳೆ ಎದ್ದಾಗ ಕಸ ಎಲ್ಲಿಯದು ಅಂತ ಹುಡುಕುವುದು ಹೇಗೆ

ಹೋದ ಕೊಯ್ಲಿನಲ್ಲಿ ತೀರ್ಥಹಳ್ಳಿ ಕಡೆಯ ಬೆಳೆಗಾರರೊಬ್ಬರು ಅಡಿಕೆ ಸುಲಿಯುವ ಮೆಷಿನ್ನಿನ 6205 ನಂಬರಿನ ಬಾಲ್ ಬೇರಿಂಗನ್ನು ಪೇಪರಿನಲ್ಲಿ ಸುತ್ತಿಕೊಂಡು ಬಂದರು. "ಸ್ಟೀಲೇ ಸರಿಯಿಲ್ಲ ಮಾರಾಯ್ರೆ, ಎರಡು ತಿಂಗಳೂ ಬರಲಿಲ್ಲ" ಅಂದರು. ಶಿವಮೊಗ್ಗದ ಲ್ಯಾಬೊಂದರಲ್ಲಿ ಹನ್ನೊಂದು ವರ್ಷ ಉಕ್ಕಿನ ಸ್ಯಾಂಪಲ್ ಪಾಲಿಶ್ ಮಾಡಿದವನು ನಾನು. ಬೇರಿಂಗ್ ಕೆಡಿಸುವ ಕಸ ಹೊರಗಿನ ಮಣ್ಣೂ ಆಗಿರಬಹುದು, ಉಕ್ಕಿನೊಳಗೇ ಉಳಿದ ಕಣವೂ ಆಗಿರಬಹುದು. ಹಾಗಾಗಿ ಸ್ಟೀಲನ್ನು ಬೈಯುವ ಮೊದಲು ಬಿಚ್ಚಿ ನೋಡಿ ಅಂತಲೇ ಎಲ್ಲರಿಗೂ ಹೇಳುತ್ತೇನೆ.

ಬಿಚ್ಚಿದ ಕೂಡಲೇ ತೊಳೆಯಬೇಡಿ. ಒಂದು ಚಿಟಿಕೆ ಗ್ರೀಸನ್ನು ಬಿಳಿ ಪೇಪರ್ ಮೇಲೆ ಡೀಸೆಲ್ ಹಾಕಿ ಹರಡಿ. ಮಿನುಗುವುದು ಉಕ್ಕಿನ ಚೂರು, ಮಂಕಾಗಿ ಉಳಿಯುವುದು ಮಣ್ಣು.

ಆಮೇಲೆ ತೊಳೆದು, ಬಾಲ್ ಓಡುವ ದಾರಿಯನ್ನು ಭೂತಕನ್ನಡಿಯಲ್ಲಿ ನೋಡಿ. ಹಕ್ಕಳೆ ಎದ್ದ ಜಾಗವನ್ನಲ್ಲ, ಚೆನ್ನಾಗಿ ಉಳಿದ ಜಾಗವನ್ನು. ಅಲ್ಲೂ ಸಣ್ಣ ಸಣ್ಣ ಗುಳಿಗಳಿದ್ದರೆ ಕಸ ಹೊರಗಿನಿಂದ ಬಂದಿರುವುದೇ ಜಾಸ್ತಿ. ಬಾಲ್ ಹಾಯುವಾಗೆಲ್ಲ ಗುಳಿಯ ಉಬ್ಬಿದ ಅಂಚಿನ ಮೇಲೆ ಭಾರ ಬೀಳುತ್ತದೆ, ಬಿರುಕು ಅಲ್ಲೇ ಹುಟ್ಟುತ್ತದೆ. ಬಾಲುಗಳ ಅಂತರದಲ್ಲೇ ಸಾಲಾಗಿ ಗುರುತಿದ್ದರೆ, ಕೂರಿಸುವಾಗ ಸುತ್ತಿಗೆ ಏಟು ಬಿದ್ದಿರುವುದೇ ಜಾಸ್ತಿ.

ದಾರಿ ಕನ್ನಡಿ ಹಾಗಿದ್ದು ಒಂದೇ ಕಡೆ ಹಕ್ಕಳೆ ಎದ್ದಿದ್ದರೆ ಆಗ ಉಕ್ಕಿನ ಮೇಲೆ ಅನುಮಾನಪಡಿ. ಬಾಲ್ ಒತ್ತಿದಾಗ ಒಳಗೆ ಜಾರಿಸುವ ಒತ್ತಡ ಜಾಸ್ತಿ ಇರುವುದು ಮೇಲ್ಮೈಯಲ್ಲಲ್ಲ, ಒಂದೆರಡು ಕೂದಲೆಳೆಯಷ್ಟು ಕೆಳಗೆ. ಅಲ್ಲೊಂದು ಅಲ್ಯೂಮಿನಾ (ಅಲ್ಯೂಮಿನಿಯಮ್ ಆಕ್ಸೈಡ್) ಕಣ ಕೂತಿದ್ದರೆ ಬಿರುಕು ಅದರಿಂದಲೇ ಶುರುವಾಗುತ್ತದೆ. ಅದು ಗಟ್ಟಿ, ಉಕ್ಕಿನ ಜೊತೆ ಬಾಗುವುದಿಲ್ಲ. ಉಕ್ಕಿನೊಳಗಿನ ಇನ್ನೊಂದು ಕಸ ಮ್ಯಾಂಗನೀಸ್ ಸಲ್ಫೈಡ್ ಮೆತ್ತಗಿರುತ್ತದೆ, ರೋಲಿಂಗ್‌ನಲ್ಲಿ ಎಳೆಯಾಗುತ್ತದೆ, ಅಷ್ಟು ಕಾಡುವುದಿಲ್ಲ. ಕರಗಿದ ಉಕ್ಕಿನ ಆಮ್ಲಜನಕ ತೆಗೆಯಲು ಹಾಕುವ ಅಲ್ಯೂಮಿನಿಯಮ್ಮೇ ಅಲ್ಯೂಮಿನಾ ಆಗಿ ಉಳಿದುಕೊಳ್ಳುತ್ತದೆ. ಅದಕ್ಕೇ ಒಳ್ಳೆಯ ಬೇರಿಂಗ್ ಉಕ್ಕನ್ನು ವ್ಯಾಕ್ಯೂಮ್‌ನಲ್ಲಿ ಶುದ್ಧ ಮಾಡಿ, ಆಮ್ಲಜನಕವನ್ನು ಹತ್ತು ಲಕ್ಷಕ್ಕೆ 10 ಭಾಗದ ಆಸುಪಾಸಿಗೆ ಇಳಿಸುತ್ತಾರೆ.

ಬೇರಿಂಗ್ ಉಕ್ಕಾದ ಇಎನ್31 ಬಾರ್ ಕೊಳ್ಳುವವರು ಉಕ್ಕು ಎಳೆದ ದಿಕ್ಕಿನ ಉದ್ದಕ್ಕೇ ಸ್ಯಾಂಪಲ್ ಕೊಯ್ಯಿಸಿ. ಅಡ್ಡ ಕೊಯ್ದರೆ ಉದ್ದನೆಯ ಎಳೆಯೂ ಬರೀ ಚುಕ್ಕಿಯಾಗಿ ಕಾಣುತ್ತದೆ. ಪಾಲಿಶ್ ಆದ ಮೇಲೆ ಆಸಿಡ್ ಹಚ್ಚದೆ 100 ಪಟ್ಟು ದೊಡ್ಡದಾಗಿಸಿ, ಉಕ್ಕಿನೊಳಗಿನ ಕಸ ಅಳೆಯುವ ಎಎಸ್‌ಟಿಎಂ ಇ45 ಚಾರ್ಟಿಗೆ ಹೋಲಿಸಿ. ತೆಳು ಬೂದು ಎಳೆ ಸಲ್ಫೈಡ್. ಕಪ್ಪಗೆ, ಮುರಿದ ಮಣಿಸರದ ಹಾಗೆ ಸಾಲಾಗಿರುವುದು ಅಲ್ಯೂಮಿನಾ. ಆದರೆ ಕಪ್ಪು ಚುಕ್ಕಿಗೆ ಧೂಮಕೇತುವಿನಂಥ ಬಾಲವಿದ್ದರೆ ಪಾಲಿಶ್ ಬಟ್ಟೆಯ ಮೇಲೆ ಒಂದೇ ದಿಕ್ಕಿಗೆ ಉಜ್ಜಿದ್ದಾರೆ. ಕಣ ಕಿತ್ತುಹೋಗಿ ತೂತಾಗಿರಬಹುದು. ತಿರುಗಿಸುತ್ತಾ ಮತ್ತೆ ಪಾಲಿಶ್ ಮಾಡಿಸಿ. ಮೊದಲ ವರ್ಷ ನಾನೇ ಇಂಥ ತೂತುಗಳನ್ನು ಕಸ ಅಂತ ಎಣಿಸಿ, ಒಳ್ಳೆಯ ಬಾರ್ ಒಂದನ್ನು ತಿರಸ್ಕರಿಸಿದ್ದೆ. ಅದು ಈಗಲೂ ಮನಸ್ಸಿನಲ್ಲಿದೆ.

ತೀರ್ಥಹಳ್ಳಿಯವರ ಬೇರಿಂಗಿನಲ್ಲಿ ದಾರಿಯುದ್ದಕ್ಕೂ ಗುಳಿಗಳಿದ್ದವು, ಗ್ರೀಸ್ ಮಣ್ಣು ಸೇರಿ ಕೆಂಪಾಗಿತ್ತು. ಸೀಲಿನ ತುಟಿಗೆ ಅಡಿಕೆ ಸಿಪ್ಪೆಯ ನಾರು ಸಿಕ್ಕಿ ಹರಿದಿತ್ತು. ಎರಡೂ ಕಡೆ ರಬ್ಬರ್ ಸೀಲ್ ಇರುವ 6205 ಹಾಕಿ, ಮುಂದೆ ಒಂದು ತಗಡಿನ ಮರೆ ಕಟ್ಟಿ ಕಳಿಸಿದೆ.