ಐದು ಜನರ ಸರದಿ, ಒಂದು ಶೇಕಡಾ ಚಿಹ್ನೆ

ಗ್ರಾಹಕರಿಂದ ಬರುವ ಟಿಕೆಟ್‌ಗಳನ್ನು ನಮ್ಮ ಟೀಮಿನ ಐದು ಜನಕ್ಕೆ ಸರದಿ ಪ್ರಕಾರ ಹಂಚುವ ಒಂದು ಚಿಕ್ಕ ಟೂಲ್ ಮಾಡಬೇಕಿತ್ತು. ಐದನೆಯವರಾದ ಮೇಲೆ ಮತ್ತೆ ಮೊದಲನೆಯವರು. ಅಷ್ಟೇ ಅಲ್ವಾ ಅಂತ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಒಂದೇ ಸಾಲು ಬರೆದೆ (ಇಲ್ಲಿ % ಅಂದರೆ ಶೇಕಡಾ ಅಲ್ಲ, ಭಾಗಿಸಿದಾಗ ಉಳಿಯುವ ಶೇಷ; ಜಾಗದ ಎಣಿಕೆ ಸೊನ್ನೆಯಿಂದ ಶುರು):

ಜಾಗ = (ಜಾಗ + 1) % ಉದ್ದ

(ಹೌದು, ಜಾವಾಸ್ಕ್ರಿಪ್ಟ್‌ನಲ್ಲಿ ವೇರಿಯಬಲ್ ಹೆಸರನ್ನು ಕನ್ನಡದಲ್ಲೇ ಇಡಬಹುದು. ಆಫೀಸಿನ ಕೋಡ್‌ನಲ್ಲಿ ಇಟ್ಟರೆ ರಿವ್ಯೂನಲ್ಲಿ ಬೈಸಿಕೊಳ್ಳಬೇಕು, ಅದು ಬೇರೆ ಮಾತು.)

ಮುಂದಕ್ಕೆ ಹೋಗುವಾಗ ಏನೂ ತೊಂದರೆ ಆಗಲಿಲ್ಲ. ಆಮೇಲೆ "ಹಿಂದಿನವರಿಗೆ ಕೊಡು" ಅನ್ನುವ ಬಟನ್ ಸೇರಿಸಿದೆ, ಒಂದು ಟಿಕೆಟ್ ಸೀದಾ 'ಅನ್‌ಡಿಫೈನ್ಡ್' ಅನ್ನುವವರ ಪಾಲಾಯಿತು (ಆ ಜಾಗದಲ್ಲಿ ಯಾರೂ ಇಲ್ಲ ಅಂತ ಅರ್ಥ). ನನಗೆ ಪೈಥಾನ್ ಭಾಷೆಯ ಅಭ್ಯಾಸ; ಅಲ್ಲಿ -1 % 5 ಅಂದರೆ 4. ಜಾವಾಸ್ಕ್ರಿಪ್ಟ್‌ನಲ್ಲಿ ಅದು -1 ಆಗಿಯೇ ಉಳಿಯುತ್ತದೆ, ಯಾಕಂದರೆ ಇಲ್ಲಿ ಶೇಷಕ್ಕೆ ಎಡಗಡೆಯ ಸಂಖ್ಯೆಯ ಚಿಹ್ನೆಯೇ ಬರುತ್ತದೆ. ಹಾಗಾಗಿ ಎರಡು ಸಲ ಮಾಡಬೇಕು:

((ಜಾಗ % ಉದ್ದ) + ಉದ್ದ) % ಉದ್ದ

ಪಟ್ಟಿಯ ಒಂದು ಜಾಗದಲ್ಲಿರುವುದನ್ನು ಕೊಡುವ, 2022ರಲ್ಲಿ ಭಾಷೆಗೆ ಸೇರಿದ 'ಅಟ್' ಮೆಥಡ್ ಇದೆಯಲ್ಲ ಅನ್ನಬಹುದು. ಮೈನಸ್ ಸಂಖ್ಯೆ ಕೊಟ್ಟರೆ ಅದು ಕೊನೆಯಿಂದ ಎಣಿಸುತ್ತದೆ, ಸುತ್ತು ಹಾಕುವುದಿಲ್ಲ. ಐದರ ಪಟ್ಟಿಯಲ್ಲಿ -6 ಕೇಳಿದರೆ ಮತ್ತದೇ ಅನ್‌ಡಿಫೈನ್ಡ್.

ನನ್ನ ತಲೆ ಜಾಸ್ತಿ ತಿಂದದ್ದು ಜನರೇಟರ್, ಅಂದರೆ ಕೇಳಿದಾಗಲೆಲ್ಲ ಒಂದೊಂದೇ ಮೌಲ್ಯ ಕೊಟ್ಟು ಅಲ್ಲೇ ಕಾಯುವ ಫಂಕ್ಷನ್. ಚೆಂದ ಕಾಣಲಿ ಅಂತ ಮುಗಿಯದ ವೈಲ್ ಲೂಪ್ ಒಳಗೆ ಯೀಲ್ಡ್ (ಒಂದು ಮೌಲ್ಯ ಹೊರಗೆ ಕೊಡುವ ಪದ) ಇಟ್ಟು ಬರೆದಿದ್ದೆ. ಬೆಳಗ್ಗೆ ಬಂದ ಮೂರು ಟಿಕೆಟ್ ಫಾರ್-ಆಫ್ ಲೂಪಿನಲ್ಲಿ ಹಂಚಿ ಬ್ರೇಕ್ ಮಾಡಿದೆ, ಸರಿ ಹೋಯಿತು. ಮಧ್ಯಾಹ್ನ ಅದೇ ಜನರೇಟರ್ ಮೇಲೆ ಇನ್ನೊಂದು ಲೂಪ್ ಓಡಿತು, ಒಬ್ಬರಿಗೂ ಏನೂ ಹೋಗಲಿಲ್ಲ, ಎರರ್ ಕೂಡ ಇಲ್ಲ! ಅರ್ಧ ದಿನ ಹುಡುಕಿದ ಮೇಲೆ ಗೊತ್ತಾಯಿತು: ಫಾರ್-ಆಫ್‌ನಿಂದ ಬ್ರೇಕ್ ಮಾಡಿ ಹೊರಬಂದರೆ ಅದು ಇಟರೇಟರ್‌ನ (ಒಂದೊಂದೇ ಕೊಡುತ್ತಾ ಹೋಗುವ ವಸ್ತು, ಇಲ್ಲಿ ಜನರೇಟರ್) 'ರಿಟರ್ನ್' ಮೆಥಡ್ ಕರೆಯುತ್ತದೆ, ಜನರೇಟರ್ ಅಲ್ಲಿಗೆ ಬಾಗಿಲು ಹಾಕಿಕೊಂಡು ಬಿಡುತ್ತದೆ. ಮತ್ತೆ ತೆರೆಯುವುದಿಲ್ಲ. ಹಾಗಾಗಿ ಜನರೇಟರ್ ಬಿಟ್ಟು ಒಂದು ಕ್ಲಾಸ್ ಬರೆದೆ: ಮುಂದಿನವರನ್ನು ಕೊಡುವ 'ನೆಕ್ಸ್ಟ್' ಇದೆ, 'ರಿಟರ್ನ್' ಇಲ್ಲ, ಲೂಪ್ ಬಂದು ಸಿಂಬಲ್ ಇಟರೇಟರ್ (ಇಟರೇಟರ್ ಕೊಡುವ ಮೆಥಡ್) ಕೇಳಿದರೆ ತನ್ನನ್ನೇ ಕೊಡುತ್ತದೆ. ಈಗ ಬ್ರೇಕ್ ಮಾಡಿದರೂ ಸರದಿ ನಿಂತಲ್ಲೇ ನಿಂತಿರುತ್ತದೆ. ಒಂದು ಎಚ್ಚರ: ಇದನ್ನು ಮೂರು ಚುಕ್ಕಿ ಹಾಕಿ ಅರೇಗೆ ಹರಡಲು ಹೋಗಬೇಡಿ. ಮುಗಿಯುವುದೇ ಇಲ್ಲ, ಟ್ಯಾಬ್ ಸತ್ತು ಹೋಗುತ್ತದೆ. ನಾನು ಸತ್ತ ಟ್ಯಾಬ್ ಮುಚ್ಚಿ ಕಲಿತೆ.

ಆಮೇಲೆ ರಜೆ. ಮುಂದಿನ ಸರದಿ 3ನೇ ಜಾಗದ್ದು ಅಂತಿಟ್ಟುಕೊಳ್ಳಿ, 1ನೇ ಜಾಗದವರು ರಜೆ ಹಾಕಿದರು, ಸ್ಪ್ಲೈಸ್ ಮಾಡಿ ತೆಗೆದೆ. ಅವರ ನಂತರದವರು ಒಂದೊಂದು ಜಾಗ ಎಡಕ್ಕೆ ಸರಿದರು, ನನ್ನ 3 ಮಾತ್ರ ಅಲ್ಲೇ ಇತ್ತು, ನಿಜವಾಗಿ ಸರದಿ ಇದ್ದವರು ಸುಮ್ನೆ ತಪ್ಪಿಸಿಕೊಂಡರು. ಅವರೇನೂ ದೂರು ಕೊಡಲಿಲ್ಲ ಅನ್ನಿ. ಈಗ ಪಟ್ಟಿಯನ್ನು ಹೊರಗಿನವರು ಮುಟ್ಟುವ ಹಾಗಿಲ್ಲ, ಕ್ಲಾಸ್ ತನ್ನದೇ ಪ್ರತಿ ಇಟ್ಟುಕೊಳ್ಳುತ್ತದೆ, ತೆಗೆಯುವುದಕ್ಕೂ ಅದರದ್ದೇ ಮೆಥಡ್. ತೆಗೆದ ಜಾಗ ಸರದಿಗಿಂತ ಹಿಂದಿದ್ದರೆ ಸರದಿಯಿಂದ ಒಂದು ಕಳೆ, ಸರದಿ ಪಟ್ಟಿಯ ತುದಿ ದಾಟಿದರೆ ಸೊನ್ನೆಗೆ ತಾ.

ಪಟ್ಟಿ ಖಾಲಿಯಾದರೆ? ಸೊನ್ನೆಯಿಂದ ಶೇಷ ತೆಗೆದರೆ ಬರುವುದು 'ನ್ಯಾನ್', ಅಂದರೆ 'ಸಂಖ್ಯೆಯೇ ಅಲ್ಲ'. ಅದಕ್ಕೆ ಒಂದು ಕೂಡಿಸಿದರೂ ನ್ಯಾನ್. ಆಮೇಲೆ ಹತ್ತು ಜನರನ್ನು ಸೇರಿಸಿದರೂ ಅದು ಸುಧಾರಿಸುವುದಿಲ್ಲ. ಖಾಲಿ ಇದ್ದಾಗ 'ಡನ್' ನಿಜ ಅಂತ ಕಳಿಸೋಣ ಅಂದುಕೊಂಡಿದ್ದೆ, ಆದರೆ ಮುಗಿಯಿತು ಅಂತ ಒಮ್ಮೆ ಹೇಳಿದ ಇಟರೇಟರ್ ಮತ್ತೆ ಎದ್ದು ಬರಬಾರದು ಅನ್ನುವುದು ರೂಢಿ. ಅದಕ್ಕೇ ನೇರವಾಗಿ ಎರರ್ ಎಸೆಯುತ್ತೇನೆ.

ಪೇಜ್ ರಿಫ್ರೆಶ್ ಆದರೆ ಸರದಿ ಮರೆಯದಿರಲಿ ಅಂತ ಬ್ರೌಸರ್ ಒಳಗೇ ಡೇಟಾ ಉಳಿಸುವ ಲೋಕಲ್ ಸ್ಟೋರೇಜ್‌ನಲ್ಲಿ ಉಳಿಸುತ್ತೇನೆ. ಅಲ್ಲಿ ಜಾಗದ ಸಂಖ್ಯೆ ಇಡುವುದಿಲ್ಲ, ಮುಂದೆ ಯಾರ ಸರದಿಯೋ ಅವರ ಐಡಿ ಇಡುತ್ತೇನೆ.