ಕಂದಾಯ ಕೇಳುವುದಕ್ಕೂ ಒಂದು ಹೊತ್ತಿದೆ

ಮದ್ದೂರು ತಾಲೂಕಿನ ಒಂದು ಗ್ರಾಮ ಪಂಚಾಯ್ತಿಯಲ್ಲಿ ನಾನು ಬಿಲ್ ಕಲೆಕ್ಟರ್, ಮನೆ ಕಂದಾಯ ವಸೂಲಿ ಮಾಡುವವನು. ಊರಿನವರ ಬಾಯಲ್ಲಿ ‘ಕಂದಾಯದವನು’. ಬಾಗಿಲು ತಟ್ಟಿದರೆ ಒಳಗಿನಿಂದ ಮಗು ಬಂದು “ಅಪ್ಪ ಇಲ್ಲ” ಅನ್ನುತ್ತದೆ. ಅಪ್ಪನ ಚಪ್ಪಲಿ ಹೊಸಿಲ ಹೊರಗೇ ಇರುತ್ತದೆ. ಮೊದಲ ಕೆಲವು ವರ್ಷ ಹೀಗೇ ಹೋಯಿತು.

ಜನಕ್ಕೆ ಕಟ್ಟುವ ಮನಸ್ಸಿಲ್ಲ ಅಂತಲೇ ಅಂದುಕೊಂಡಿದ್ದೆ. ಒಂದು ದಿನ ಸುಮ್ನೆ, ಯಾರು ಎಷ್ಟು ಕಟ್ಟಬೇಕು ಅಂತ ಬರೆದಿಡುವ ಡಿಮ್ಯಾಂಡ್ ರಿಜಿಸ್ಟರ್‌ನಲ್ಲಿ ನಮ್ಮ ಮನೆಯ ಸಾಲು ಹುಡುಕಿದೆ. ‘ಹೆಂಚಿನ ಮನೆ’ ಅಂತಿತ್ತು. ನಾವು ಹೆಂಚು ಇಳಿಸಿ ಮೋಲ್ಡ್ ಹಾಕಿ ಒಂಬತ್ತು ವರ್ಷ ಆಗಿತ್ತು. ಮೇಲೊಂದು ರೂಮು ಬೇರೆ. ಊರಿಗೆಲ್ಲ ಕಂದಾಯ ಕೇಳುವವನು ನಾನೇ ಹೆಂಚಿನ ಲೆಕ್ಕದಲ್ಲಿ ಕಟ್ಟುತ್ತಿದ್ದೆ!

ಆ ಹೊತ್ತಿಗೇ ಮೈಸೂರಿನ ಲಲಿತಮಹಲ್ ರಸ್ತೆಯ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯಲ್ಲಿ ತರಬೇತಿ ಇತ್ತು. ಸಂಸ್ಥೆಗೆ ಹೆಸರಾದ ಆ ಮಂತ್ರಿ ನಮ್ಮ ಅಪ್ಪನ ಕಾಲದವರಿಗೆ ‘ನೀರ್ ಸಾಬ್’, ಬೋರ್‌ವೆಲ್ ಕೊರೆಸಿದವರು. ಮಂಡಲ ಪಂಚಾಯ್ತಿ, ಜಿಲ್ಲಾ ಪರಿಷತ್ತು ತಂದ 1983ರ ಕಾನೂನೂ ಅವರದೇ. ದೇಶಕ್ಕೆಲ್ಲ ಪಂಚಾಯ್ತಿ ವ್ಯವಸ್ಥೆ ತಂದ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ, ಅಂದರೆ ನಾವು ಹತ್ತು ವರ್ಷ ಮುಂದಿದ್ದೆವು. ಆದರೆ ಅಧಿಕಾರ ಊರಿಗೆ ಬಂದಷ್ಟು ಸಲೀಸಾಗಿ ದುಡ್ಡು ಬರಲಿಲ್ಲ. ರಿಸರ್ವ್ ಬ್ಯಾಂಕಿನ 2024ರ ವರದಿ ಓದಿದರೆ ಗೊತ್ತಾಗುತ್ತೆ: ದೇಶದ ಪಂಚಾಯ್ತಿಗಳ ಆದಾಯದಲ್ಲಿ ಸ್ವಂತ ತೆರಿಗೆಯ ಪಾಲು ಶೇ 1ರಷ್ಟು. ಮಿಕ್ಕಿದ್ದರಲ್ಲಿ ಹೆಚ್ಚುಕಮ್ಮಿ ಎಲ್ಲವೂ ಮೇಲಿನಿಂದ ಬರುವ ಅನುದಾನ.

ಮೇಲಿನಿಂದ ಬಂದರೆ ಏನಂತೆ ಅನ್ನಬಹುದು. 2021ರಿಂದ 2026ರ ಮಾರ್ಚ್‌ವರೆಗೆ ಕೇಂದ್ರದ 15ನೇ ಹಣಕಾಸು ಆಯೋಗದ ದುಡ್ಡಲ್ಲಿ ಶೇ 60 ಕುಡಿಯುವ ನೀರಿಗೆ, ನೈರ್ಮಲ್ಯಕ್ಕೆ ಅಂತ ಮೊದಲೇ ಕಟ್ಟಿಟ್ಟದ್ದಾಗಿತ್ತು. ಉಳಿದದ್ದಕ್ಕೂ ಕ್ರಿಯಾ ಯೋಜನೆ ಮಾಡಬೇಕು, ಒಪ್ಪಿಗೆ ಆಗಬೇಕು. ರಾತ್ರಿ ಮಾರಿಗುಡಿ ಬೀದಿಯ ದೀಪ ಹೋದರೆ ಬೆಳಗ್ಗೆ ಅಂಗಡಿಗೆ ಹೋಗಿ ತರಬೇಕಾದ ಬಲ್ಬಿಗೆ ಬೇಕಾಗುವುದು ನಾನು ಮನೆಮನೆ ತಿರುಗಿ ತಂದ ದುಡ್ಡೇ.

ಮೊದಲು ನಮ್ಮ ಮನೆಯನ್ನೇ ಟೇಪ್ ಹಿಡಿದು ಅಳೆದೆ. ಕಂದಾಯ ಏರಿತು, ಹೆಂಡತಿ ಎರಡು ದಿನ ಮಾತಾಡಲಿಲ್ಲ. ಆಮೇಲೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಸಾಹೇಬರನ್ನು ಒಪ್ಪಿಸಿ, ಸಭೆಯಲ್ಲಿಟ್ಟು, ಬೀದಿ ಬೀದಿ ಅಳೆದೆವು. ಜಗಳ ಆಯ್ತು. ಆದರೆ “ನಿಂದೆಷ್ಟು?” ಅಂತ ಯಾರು ಕೇಳಿದರೂ ತೋರಿಸಲು ನನ್ನ ಜೇಬಿನಲ್ಲಿ ನನ್ನದೇ ರಸೀದಿ ಇತ್ತು. ಅದರಷ್ಟು ಕೆಲಸ ಯಾವ ನೋಟಿಸೂ ಮಾಡಲಿಲ್ಲ.

ಎರಡನೆಯದು ಹೊತ್ತು. ವರ್ಷದ ಲೆಕ್ಕ ಮುಗಿಯುವುದು ಮಾರ್ಚ್‌ಗೆ ಅಂತ ನಾವೂ ಮಾರ್ಚ್‌ನಲ್ಲೇ ಮುಗಿಬೀಳುತ್ತಿದ್ದೆವು. ಯುಗಾದಿ ಎದುರಿಗಿರುತ್ತೆ. ಹಬ್ಬದ ಮಾರನೇ ದಿನದ ಹೊಸತೊಡಕಿನ ಮಾಂಸದ ಚೀಟಿಗೆ ದುಡ್ಡು ಹೊಂಚುತ್ತಿರುವವನ ಹತ್ತಿರ ಹೋಗಿ ಮನೆ ಕಂದಾಯ ಕೊಡಪ್ಪ ಅಂದರೆ ಕೊಡುತ್ತಾನಾ? ಈಗ ಕಬ್ಬಿನ ಬಿಲ್ ಆದ ವಾರ ಹೋಗುತ್ತೇನೆ. ಹಾಲಿನ ಬಟವಾಡೆ ಆದ ಮಾರನೇ ದಿನ ಡೈರಿ ಜಗಲಿ ಮೇಲೆ ಕಂದಾಯ ಕಟ್ಟಿಸಿಕೊಳ್ಳುವ ಮೆಷಿನ್ ಇಟ್ಟುಕೊಂಡು ಕೂರುತ್ತೇನೆ. ದುಡ್ಡು ಬ್ಯಾಂಕ್ ಖಾತೆಗೇ ಬರುತ್ತೆ ನಿಜ, ಆದರೆ ಬಂತು ಅನ್ನುವುದು ಸಾಲಿನಲ್ಲಿ ನಿಂತವರಿಗೆಲ್ಲ ಗೊತ್ತಿರುತ್ತೆ, ಅಲ್ವಾ? ಒಟ್ಟಿಗೆ ಆಗದವರಿಂದ ಎರಡು ಮೂರು ಕಂತಲ್ಲೂ ಈಸಿಕೊಳ್ಳುತ್ತೇನೆ.

ಅಲ್ಲೇ ಒಬ್ಬ ಅಜ್ಜಿ ನನ್ನನ್ನು ಹಿಡಿದುಕೊಂಡರು. ರಸೀದಿಯನ್ನು ಮೊಮ್ಮಗಳ ಕೈಲಿ ಓದಿಸಿದ್ದರು. ಕಂದಾಯ 500 ರೂಪಾಯಿ. ಅದರ ಮೇಲೆ ಆರೋಗ್ಯ ಕರ 75, ಶಿಕ್ಷಣ ಕರ 50, ಗ್ರಂಥಾಲಯ ಕರ 30, ಭಿಕ್ಷುಕರ ಕರ 15. ಒಟ್ಟು 670.

“ಏನ್ಲಾ, ನಾನೇ ತಿರ್ಕೊಂಡು ತಿನ್ನೋ ಅಂಗಿವ್ನಿ. ನನ್ ತಾವೂ ಭಿಕ್ಷುಕರ ಕರ ಈಸ್ಕತೀಯಾ?”

ಜಗಲಿ ತುಂಬ ನಗು. ನನಗೆ ನಗಲೂ ಆಗಲಿಲ್ಲ. ಆ 170 ರೂಪಾಯಿ ಪಂಚಾಯ್ತಿಯ ಖರ್ಚಿಗಲ್ಲ, ಮುಂದಕ್ಕೆ ಕಟ್ಟಬೇಕಾದದ್ದು ಅಂತ ವಿವರಿಸಿದೆ. “ಸರಿ ಕಣಪ್ಪ, ಆ ಐನೂರು ಏನ್ ಮಾಡ್ದೆ, ಅದ್ನೇಳು” ಅಂದರು.

ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಜಮಾಬಂದಿಯಲ್ಲಿ ಲೆಕ್ಕ ಓದುತ್ತೇವೆ, ಆದರೆ ಅದು ವರ್ಷಕ್ಕೊಮ್ಮೆ, ಬರುವವರು ಬೆರಳೆಣಿಕೆ. ಮುಂದಿನ ತಿಂಗಳಿಂದ ಡೈರಿ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆಯಲು ಶುರು ಮಾಡಿದೆ. ಯಾವ ಬೀದಿಯಿಂದ ಎಷ್ಟು ಬಂತು, ಬಲ್ಬಿಗೆಷ್ಟು, ಚರಂಡಿ ಹೂಳು ತೆಗೆದವರ ಕೂಲಿ ಎಷ್ಟು.

ಬರೆದ ಮೂರನೇ ದಿನ ಎಲೆಕ್ಟ್ರಿಕ್ ಕೆಲಸದ ಹುಡುಗನೊಬ್ಬ, “ಅಣ್ಣ, ಇದೇ ಬಲ್ಬು ಮದ್ದೂರಲ್ಲಿ 40 ರೂಪಾಯಿ ಕಮ್ಮಿಗೆ ಸಿಕ್ತದೆ” ಅಂದ. ಮುಖ ಬಿಸಿಯಾಯಿತು. ವಿಚಾರಿಸಿದರೆ ಅವನು ಹೇಳಿದ್ದು ನಿಜ. ಮುಂದಿನ ಸಲ ಅವನನ್ನೇ ಕರೆದುಕೊಂಡು ಹೋಗಿ ತಂದೆವು. ಕೆಲವು ಸದಸ್ಯರಿಗೆ ಈ ಗೋಡೆ ಬರಹ ಇಷ್ಟವಿಲ್ಲ. ಮಳೆ ಬಂದು ಅಳಿಸಿದರೆ ಅವರಿಗೆ ಖುಷಿ, ನಾನು ಮತ್ತೆ ಬರೆಯುತ್ತೇನೆ.

ಎಲ್ಲ ವಸೂಲಾಯಿತು ಅಂತ ಹೇಳಿದರೆ ಸುಳ್ಳಾಗುತ್ತೆ. ಕೆಲವರು ಕಟ್ಟುವುದು ಸಾಲಕ್ಕೋ ಸೈಟ್ ಮಾರುವುದಕ್ಕೋ ಪಂಚಾಯ್ತಿ ಕೊಡುವ ಆಸ್ತಿ ದಾಖಲೆ ಇ-ಸ್ವತ್ತು ಬೇಕಾದಾಗ ಮಾತ್ರ. ಆಗ ಓಡಿ ಬಂದು ಹಳೇ ಬಾಕಿಯನ್ನೂ ತೀರಿಸುತ್ತಾರೆ. ನಮ್ಮಲ್ಲಿ ಒಂದು ಕಲ್ಯಾಣ ಮಂಟಪ ಇದೆ. ಲಗ್ನದ ದಿನಗಳಲ್ಲಿ ಅಲ್ಲಿ ಬೈಕ್ ನಿಲ್ಲಿಸಲು ಜಾಗ ಇರಲ್ಲ. ಮಾಲೀಕರು ನನ್ನನ್ನು ನೋಡಿದರೆ “ಬಾ, ಊಟ ಮಾಡ್ಕೊಂಡು ಹೋಗು” ಅನ್ನುತ್ತಾರೆ, ದುಡ್ಡಿನ ಮಾತು ಎತ್ತಲು ಬಿಡುವುದಿಲ್ಲ. ಎರಡು ಸಲ ಉಂಡು ಬಂದಿದ್ದೇನೆ, ಅದೂ ನನ್ನ ತಪ್ಪೇ. ಹೋದ ವಾರ ಮೂರನೇ ನೋಟಿಸ್ ಕೊಡಲು ಹೋದಾಗ ಮನೆಯಲ್ಲೇ ಉಂಡು ಹೋಗಿದ್ದೆ.